ಎಂಐ-8: ಡಾಪ್ಲರ್ ಸರಿ, ಕಂಪಾಸ್ ಸರಿ, ಆದರೂ ಸೆನಾಕಿ ಸಿಗುತ್ತಿಲ್ಲ

ಮಂಜುಹಾದಿ

ಎಲ್ಲರಿಗೂ ನಮಸ್ಕಾರ. ಡಿಸಿಎಸ್ ವರ್ಲ್ಡ್ ಅನ್ನುವ ಹಾರಾಟದ ಕಂಪ್ಯೂಟರ್ ಆಟದಲ್ಲಿ ಎಂಐ-8 ಹೆಲಿಕಾಪ್ಟರ್ ಹಾರಿಸುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕಾಕಸಸ್ ನಕ್ಷೆ. ಬಟುಮಿಯಿಂದ ಎದ್ದು ಸೆನಾಕಿ-ಕೊಲ್ಖಿ ಏರ್‌ಫೀಲ್ಡ್‌ಗೆ ಸರಕು ಇಳಿಸಬೇಕು. ನೇರ ಗೆರೆಯಲ್ಲಿ ಸುಮಾರು 80 ಕಿಲೋಮೀಟರ್. ನಾವು ಆಡುವ ಸರ್ವರ್‌ನಲ್ಲಿ ಎಫ್10 ಕೀಲಿ ಒತ್ತಿ ಆಟದ ನಕ್ಷೆ ತೆರೆದರೆ ನಮ್ಮ ಹೆಲಿಕಾಪ್ಟರ್ ಎಲ್ಲಿದೆ ಅಂತ ಕಾಣಿಸುವುದಿಲ್ಲ. ಮಿಷನ್‌ನಲ್ಲಿ ದಟ್ಟ ಮಂಜು ಬೇರೆ. ಹಾಗಾಗಿ ಲೆಕ್ಕ ಹಾಕಿಕೊಂಡೇ ಹೋಗಬೇಕು.

ನಾನು ಮಾಡುತ್ತಿರುವುದು ಇಷ್ಟು. ಆಟದ ನಕ್ಷೆಯನ್ನು ಪ್ರಿಂಟ್ ತೆಗೆದು, ಬಟುಮಿಯಿಂದ ಸೆನಾಕಿಗೆ ಗೆರೆ ಎಳೆದು, ಕೋನಮಾಪಕ ಇಟ್ಟು ಅಳೆದೆ. 22 ಡಿಗ್ರಿ ಬಂತು. ಆ ಭಾಗದಲ್ಲಿ ಮ್ಯಾಗ್ನೆಟಿಕ್ ವೇರಿಯೇಷನ್ (ಕಂಪಾಸ್ ತೋರಿಸುವ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ) ಸುಮಾರು 6 ಡಿಗ್ರಿ ಪೂರ್ವ. ಪೂರ್ವದ್ದಾದರೆ ಕಳೆಯಬೇಕು, ಅಲ್ವಾ? ಹಾಗಾಗಿ 16. ಜಿಎಂಕೆ-1ಎ ಅನ್ನು (ತಿರುಗುವ ಗೈರೋ ಚಕ್ರದಿಂದ ದಿಕ್ಕು ಹಿಡಿದಿಡುವ ಕಂಪಾಸ್) ಮ್ಯಾಗ್ನೆಟಿಕ್ ದಿಕ್ಕಿಗೆ ಹೊಂದಿಸಿಕೊಂಡು 16 ಹಿಡಿಯುತ್ತೇನೆ. ಎಷ್ಟು ದೂರ ಬಂದೆವು, ಎಡ-ಬಲಕ್ಕೆ ಎಷ್ಟು ಸರಿದೆವು ಅಂತ ಲೆಕ್ಕ ಇಡುವ ಡಿಸ್-15 ಡಾಪ್ಲರ್‌ಗೂ ಟ್ರ್ಯಾಕ್ ಕೋನ (ನೆಲದ ಮೇಲೆ ಹೋಗಬೇಕಾದ ದಾರಿಯ ದಿಕ್ಕು) 16 ಅಂತಲೇ ಕೊಡುತ್ತೇನೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ 24 ನಿಮಿಷ.

24ನೇ ನಿಮಿಷಕ್ಕೆ ಡಾಪ್ಲರ್ ಕೌಂಟರ್ 80 ಕಿಲೋಮೀಟರ್ ಆಯಿತು ಅನ್ನುತ್ತದೆ. ಎಡ-ಬಲ ಕೌಂಟರ್ ಸೊನ್ನೆ. ಆದರೆ ಕೆಳಗೆ ರನ್‌ವೇ ಇಲ್ಲ, ಹೊಲ ಮತ್ತು ಕಾಲುವೆ ಅಷ್ಟೇ. ಹಾಗೇ ಮುಂದೆ ಹೋದರೆ ಎಡಗಡೆಗೆ ಖೋಬಿ ಊರು ಬರುತ್ತದೆ. ಅಂದರೆ ನಾನು ಸೆನಾಕಿಯಿಂದ ಪಶ್ಚಿಮಕ್ಕೆ 8 ಕಿಲೋಮೀಟರ್ ಆಚೆ ಇದ್ದೇನೆ. ಪ್ರತಿ ಸಲವೂ ಅದೇ ಕಡೆಗೆ, ಹೆಚ್ಚುಕಮ್ಮಿ ಅಷ್ಟೇ ದೂರ.

ಎಲ್ಲ ಉಪಕರಣಗಳೂ ಒಂದೇ ಮಾತು ಹೇಳುತ್ತಿವೆ, ಆದರೂ ಜಾಗ ಬೇರೆ. ಎಲ್ಲಿ ನೋಡಬೇಕು?

ಕೆಳಹಾರಾಟ

ಮೊದಲು ಗಾಳಿ. ಮಿಷನ್ ಎಡಿಟರ್‌ನಲ್ಲಿ ನೆಲಮಟ್ಟದ ಗಾಳಿ ಸೊನ್ನೆ ಇದ್ದರೂ ಮೇಲಿನ ಪದರಗಳಲ್ಲಿ ಇರಬಹುದು. 2000 ಮೀಟರಿಗೆ, 8000 ಮೀಟರಿಗೆ ಬೇರೆ ಬೇರೆ ಕೊಡುವ ಜಾಗ ಇದೆ, ನೋಡಿ.

ಇನ್ನೊಂದು ವಿಷಯ. ಎಡಿಟರ್‌ನಲ್ಲಿ ಗಾಳಿಯ ದಿಕ್ಕು ಅಂತ ಕೊಡುವುದು ಗಾಳಿ ಯಾವ ಕಡೆಗೆ ಬೀಸುತ್ತದೆ ಅನ್ನುವುದು. ಹವಾಮಾನ ವರದಿಯಲ್ಲಿ ಹೇಳುವುದು ಯಾವ ಕಡೆಯಿಂದ ಬೀಸುತ್ತದೆ ಅನ್ನುವುದು. ಇದನ್ನು ತಿರುಗುಮುರುಗು ಹಿಡಿದರೆ ತಿದ್ದುಪಡಿ ಎಡಕ್ಕೆ ಬೇಕಾದಲ್ಲಿ ಬಲಕ್ಕೆ ಹೋಗುತ್ತದೆ, ದೋಷ ಎರಡು ಪಟ್ಟಾಗುತ್ತದೆ.

ಗಾಳಿ ಅಂದರೆ ಸಣ್ಣ ವಿಷಯ ಅಲ್ಲ. ಸೆಕೆಂಡಿಗೆ 10 ಮೀಟರ್ ಅಂದರೆ ಗಂಟೆಗೆ 36 ಕಿಲೋಮೀಟರ್. ನೀವು 200ರಲ್ಲಿ ಹೋಗುವಾಗ ಅದು ಸರಿಯಾಗಿ ಪಕ್ಕದಿಂದ ಹೊಡೆದರೆ 10 ಡಿಗ್ರಿಗಿಂತ ಜಾಸ್ತಿ ಮೂಗು ತಿರುಗಿಸಬೇಕು. ಜೆಟ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹೆಲಿಕಾಪ್ಟರ್ ನಿಧಾನ, ಅದಕ್ಕೇ ಗಾಳಿಯ ಪಾಲು ದೊಡ್ಡದು.

ಮಂಜುಹಾದಿ

ಗಾಳಿ ಎಲ್ಲ ಪದರಗಳಲ್ಲೂ ಸೊನ್ನೆ. ಸಮಸ್ಯೆ ಬೇರೆ ಮಾಡಿ ನೋಡೋಣ ಅಂತಲೇ ನಾನೇ ಮಿಷನ್ ಮಾಡಿ ಗಾಳಿ ತೆಗೆದು ಹಾರಿಸಿದ್ದೇನೆ. ಡಾಪ್ಲರ್‌ನ ಡ್ರಿಫ್ಟ್ ಮುಳ್ಳು (ಪಕ್ಕಕ್ಕೆ ಜಾರುವುದನ್ನು ತೋರಿಸುವ ಮುಳ್ಳು) ಕೂಡ ದಾರಿಯುದ್ದಕ್ಕೂ ನಡುವಲ್ಲೇ ಇತ್ತು.

ಬಾನಂಚು

ಲೇಬಲ್ ಆನ್ ಮಾಡಿ, ಎಫ್10ನಲ್ಲಿ ನಮ್ಮ ಗುರುತು ಆನ್ ಮಾಡಿ. ಐದು ನಿಮಿಷದ ಕೆಲಸ. ಇಷ್ಟೆಲ್ಲ ಲೆಕ್ಕ ಯಾಕೆ?

ಹ್ಯೂಯಿ_ಒಡತಿ

ಬಾನಂಚು ಅವರೇ, ಕಲಿಯುವಾಗ ಗುರುತು ಆನ್ ಮಾಡಿಕೊಳ್ಳುವುದು ಒಳ್ಳೆಯದೇ. ನಾನೂ ಹೊಸಬರಿಗೆ ಹಾಗೇ ಹೇಳುತ್ತೇನೆ. ಆದರೆ ಅವರ ಸರ್ವರ್‌ನಲ್ಲಿ ಅದು ಇಲ್ಲ. ಮತ್ತೆ ಈ ಹೆಲಿಕಾಪ್ಟರ್‌ನ ಖುಷಿ ಇರುವುದೇ ಅಲ್ಲಿ. ಕೈಯಲ್ಲಿ ಒಂದು ನಕ್ಷೆ, ಒಂದು ಗಡಿಯಾರ, ಮುಂದೆ ಕೆಲವು ಮುಳ್ಳುಗಳು. ಅಷ್ಟರಲ್ಲಿ ಜಾಗ ಹುಡುಕಿ ಇಳಿದಾಗ ಸಿಗುವ ತೃಪ್ತಿ ಪರದೆ ಮೇಲಿನ ಬಾಣ ನೋಡಿಕೊಂಡು ಹೋದರೆ ಸಿಗುವುದಿಲ್ಲ.

ಮಂಜುಹಾದಿ, ನಾನು ಹಾರಿಸುವುದು ಯುಎಚ್-1ಎಚ್. ನಮ್ಮಲ್ಲಿ ಡಾಪ್ಲರ್ ಕೂಡ ಇಲ್ಲ. ನಾನು ಮಾಡುವುದು ಹೇಗೆ ಅಂದರೆ, ಗುರಿಯ ಕಡೆ ನೇರ ಹೋಗುವುದೇ ಇಲ್ಲ, ಬೇಕಂತಲೇ ಒಂದು ಪಕ್ಕಕ್ಕೆ ಹೋಗುತ್ತೇನೆ. ನಿಮ್ಮ ದಾರಿಯಲ್ಲಿ ರಿಯೋನಿ ನದಿ ಅಡ್ಡ ಬರುತ್ತದೆ. ಅದು ಪೂರ್ವದಿಂದ ಬಂದು ಪೋಟಿ ಹತ್ತಿರ ಸಮುದ್ರ ಸೇರುತ್ತದೆ. ನೇರ ಗೆರೆ ಹಿಡಿದು ಹೋಗಿ ನದಿ ಸಿಕ್ಕಾಗ ನೀವು ಗೆರೆಯ ಎಡಕ್ಕಿದ್ದೀರೋ ಬಲಕ್ಕಿದ್ದೀರೋ ಗೊತ್ತಾಗುವುದಿಲ್ಲ. ಬೇಕಂತ 5 ಡಿಗ್ರಿ ಎಡಕ್ಕೆ ಹಿಡಿದು ಹೋದರೆ ನದಿ ಸಿಕ್ಕ ತಕ್ಷಣ ಬಲಕ್ಕೆ ತಿರುಗಬೇಕು ಅನ್ನುವುದು ಖಚಿತ. ಆಮೇಲೆ ನದಿಯನ್ನು ಹಿಡಿದುಕೊಂಡು, ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಟ್ಟ ತಿರುವು ಬರುವ ತನಕ ಹೋಗಿ, ಅಲ್ಲಿಂದ ಉತ್ತರಕ್ಕೆ. ಅಲ್ಲಿಂದ ಏರ್‌ಫೀಲ್ಡ್ ಕೆಲವೇ ನಿಮಿಷ.

ಇದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ, ಗೊತ್ತು. ಉಪಕರಣ ಕೈಕೊಟ್ಟಾಗ ಉಳಿಸುವುದು ಇದೇ, ಅದಕ್ಕೆ ಹೇಳಿದೆ.

ನಕ್ಷೆಗೆರೆ

ಒಳ್ಳೆಯ ಪ್ರಶ್ನೆ. ವಿವರ ಕೊಟ್ಟು ಕೇಳಿದ್ದಕ್ಕೆ ಥ್ಯಾಂಕ್ಸ್.

ಮೊದಲು ಡಾಪ್ಲರ್ ಬಗ್ಗೆ. ಅದರ ಸೊನ್ನೆಯನ್ನು ನೋಡಿ ‘ನಾನು ಗೆರೆಯ ಮೇಲೇ ಇದ್ದೇನೆ’ ಅಂತ ಅಂದುಕೊಳ್ಳಬೇಡಿ. ಡಿಸ್-15 ಕೆಳಗಡೆಗೆ ರೇಡಿಯೋ ಕಿರಣ ಬಿಟ್ಟು, ವಾಪಸ್ ಬರುವ ಅಲೆಯ ಬದಲಾವಣೆಯಿಂದ ವೇಗ ಅಳೆಯುತ್ತದೆ. ಆ ವೇಗ ಹೆಲಿಕಾಪ್ಟರ್‌ನ ಮೈಗೆ ಸಂಬಂಧಪಟ್ಟದ್ದು. ಮೂಗಿನ ಕಡೆಗೆ ಇಷ್ಟು, ಪಕ್ಕಕ್ಕೆ ಇಷ್ಟು ಅಂತ ಮಾತ್ರ ಅದಕ್ಕೆ ಗೊತ್ತು. ಉತ್ತರ ಎಲ್ಲಿದೆ ಅಂತ ಗೊತ್ತಿಲ್ಲ. ಅದನ್ನು ಜಿಎಂಕೆ ಹೇಳುತ್ತದೆ. ಹಾರಬೇಕಾದ ಕೋನವನ್ನು ನೀವು ಹೇಳುತ್ತೀರಿ. ಜಿಎಂಕೆ 16 ಅಂತಿದೆ, ನೀವೂ 16 ಅಂತ ಕೊಟ್ಟಿದ್ದೀರಿ, ಪಕ್ಕಕ್ಕೆ ಜಾರಿಲ್ಲ. ಕೌಂಟರ್ ಸೊನ್ನೆ ತೋರಿಸಲೇಬೇಕು. 16 ಅನ್ನುವುದು ಸರಿಯೋ ಅಲ್ಲವೋ ಅಂತ ಹೇಳುವ ಶಕ್ತಿ ಅದಕ್ಕಿಲ್ಲ.

ಈಗ ದೋಷ ಎಷ್ಟು ಅಂತ ನೋಡೋಣ. 60ಕ್ಕೆ 1ರ ಲೆಕ್ಕ ನೆನಪಿಟ್ಟುಕೊಳ್ಳಿ. 60 ಕಿಲೋಮೀಟರ್ ಹೋದಾಗ 1 ಡಿಗ್ರಿ ತಪ್ಪಿದರೆ 1 ಕಿಲೋಮೀಟರ್ ಪಕ್ಕಕ್ಕೆ. ನೀವು 80 ಹೋಗಿ 8 ಪಕ್ಕಕ್ಕೆ ಬಂದಿದ್ದೀರಿ. 8 ಗುಣಿಸು 60, ಭಾಗಿಸು 80. ಸರಿಯಾಗಿ 6 ಡಿಗ್ರಿ. ಪ್ರತಿ ಸಲವೂ ಅದೇ 6 ಡಿಗ್ರಿ, ಅದೇ ಎಡಕ್ಕೆ.

ಇದು ಬಹಳ ಮುಖ್ಯ ಸುಳಿವು. ಗಾಳಿಯಾಗಿದ್ದರೆ ಡ್ರಿಫ್ಟ್ ಮುಳ್ಳು ತೋರಿಸುತ್ತಿತ್ತು. ಗೈರೋ ಜಾರುತ್ತಿದ್ದರೆ ಹೊತ್ತು ಕಳೆದ ಹಾಗೆ ದೋಷ ಬೆಳೆಯುತ್ತಿತ್ತು. ಹಾಗಾಗಿ ಮೂರು ವಿಷಯ ಪರೀಕ್ಷೆ ಮಾಡಿ ತಿಳಿಸಿ.

ಹಾರುವ ಮೊದಲು ಗಾಜಿನ ಚೌಕಟ್ಟಿನ ಮೇಲಿರುವ ಕೆಐ-13 ಕಂಪಾಸ್ ಮತ್ತು ಜಿಎಂಕೆ ತೋರಿಸುವ ಹೆಡಿಂಗ್ (ಮೂಗು ಇರುವ ದಿಕ್ಕು) ಎರಡೂ ಹೊಂದುತ್ತವೆಯೇ? ಜಿಎಂಕೆ ಪ್ಯಾನೆಲ್‌ನಲ್ಲಿ ಅಕ್ಷಾಂಶ ಎಷ್ಟಕ್ಕೆ ಇಟ್ಟಿದ್ದೀರಿ? ಹೊರಟ ಮೇಲೆ ಕೊಬುಲೆಟಿ ಏರ್‌ಫೀಲ್ಡ್ ಹತ್ತಿರ ನಿಮ್ಮ ಗೆರೆ ಹಾದುಹೋಗುತ್ತದೆ. ಅರ್ಧ ದಾರಿ ಅದು, ಸುಮಾರು 40 ಕಿಲೋಮೀಟರ್. ಅಲ್ಲಿಗೆ ಬರುವಾಗ ಎಷ್ಟು ಆಚೆ ಇರುತ್ತೀರಿ? ಅಲ್ಲಿ 4 ಕಿಲೋಮೀಟರ್ ಎಡಕ್ಕಿದ್ದರೆ ದೋಷ ಮೊದಲಿಂದಲೇ ಇದೆ. ಅಲ್ಲಿ 2ಕ್ಕಿಂತ ಕಡಿಮೆ ಇದ್ದು ಆಮೇಲೆ ಜಾಸ್ತಿಯಾದರೆ ಗೈರೋ ಜಾರುತ್ತಿದೆ.

ದೂರದ_ದೀಪ

ಇದು ಆಟದ ಬಗ್ ಇರಬೇಕು. ಎಲ್ಲರೂ ಕಂಪಾಸ್ ಬಗ್ಗೆ ದೂರುತ್ತಾರೆ. ಡೆವಲಪರ್‌ಗಳಿಗೆ ಬರೆಯಿರಿ.

ಮಂಜುಹಾದಿ

ಮಂಜು ತೆಗೆದು, ಹಗಲಲ್ಲಿ ಹಾರಿಸಿ ನೋಡಿದೆ. ಕೆಐ-13 ಮತ್ತು ಜಿಎಂಕೆ ಹೊಂದುತ್ತವೆ. ಅಕ್ಷಾಂಶ 42ಕ್ಕೆ ಇದೆ, ಉತ್ತರ ಗೋಳಕ್ಕೆ ಇದೆ. ಕರಾವಳಿ ಬಲಗಡೆ ದೂರದಲ್ಲಿ ಹೋಗುತ್ತಿತ್ತು, ನಾನು ಸಮುದ್ರದ ಮೇಲಿದ್ದೆ. ಕೊಬುಲೆಟಿ ರನ್‌ವೇ ನನ್ನ ಬಲಕ್ಕೆ, ಕಣ್ಣಂದಾಜಿನಲ್ಲಿ 4-5 ಕಿಲೋಮೀಟರ್ ಆಚೆ. ಅಂದರೆ ದೋಷ ಶುರುವಿನಿಂದಲೇ ಇದೆ.

ಒಂದು ಸಂದೇಹ. ಆ ಮೊದಲ ಭಾಗ ನೀರಿನ ಮೇಲೆ ಆಯಿತಲ್ಲ, ಡಾಪ್ಲರ್ ನೀರಿನ ಮೇಲೆ ಕೆಡುತ್ತದೆ ಅಂತ ಕೇಳಿದ್ದೇನೆ. ಅದರಿಂದ ಇರಬಹುದಾ?

ನಕ್ಷೆಗೆರೆ

ನೀರಿನ ಮೇಲೆ ಡಾಪ್ಲರ್ ಓದು ಕೆಡುತ್ತದೆ, ನಿಜ. ಶಾಂತ ನೀರು ಕನ್ನಡಿಯ ಹಾಗೆ ಕಿರಣವನ್ನು ಆಚೆಗೇ ಹಾರಿಸಿಬಿಡುತ್ತದೆ, ವಾಪಸ್ ಬರುವುದು ಕಡಿಮೆ. ಆದರೆ ನೀವು ಹೆಡಿಂಗ್ ನೋಡಿಕೊಂಡು ಹಾರಿದ್ದೀರಿ, ಗಾಳಿ ಇಲ್ಲ. ಡಾಪ್ಲರ್ ಪೂರ್ತಿ ಆಫ್ ಮಾಡಿದ್ದರೂ ನೀವು ಅಲ್ಲಿಗೇ ಹೋಗುತ್ತಿದ್ದಿರಿ. ಅದನ್ನು ಬದಿಗಿಡಿ.

ಉಳಿದಿದ್ದು ಒಂದೇ, ಕೋನಮಾಪಕ ಇಟ್ಟು ಅಳೆದ ಆ 22.

ಪ್ರಿಂಟ್ ತೆಗೆದ ನಕ್ಷೆಯನ್ನು ಮತ್ತೆ ನೋಡಿ. ಅಕ್ಷಾಂಶ ರೇಖಾಂಶದ ಗೆರೆಗಳು ಜಾರ್ಜಿಯಾ ಭಾಗದಲ್ಲಿ ಓರೆಯಾಗಿವೆ, ಅಲ್ವಾ? ಕಾಗದದ ಅಂಚಿಗೆ ಸಮಾನಾಂತರವಾಗಿ ಇಲ್ಲ. ಎಲ್ಲ ಉತ್ತರವೂ ಅಲ್ಲೇ ಇದೆ.

ಡಿಸಿಎಸ್‌ನ ಲೋಕ ಚಪ್ಪಟೆ. ಗುಂಡಗಿರುವ ಭೂಮಿಯ ಒಂದು ತುಂಡನ್ನು ಟ್ರಾನ್ಸ್‌ವರ್ಸ್ ಮರ್ಕೇಟರ್ ಅನ್ನುವ ವಿಧಾನದಲ್ಲಿ ಹಾಸಿದ್ದಾರೆ. ಹಾಗೆ ಹಾಸುವಾಗ ಒಂದು ರೇಖಾಂಶವನ್ನು ನಡುಗೆರೆಯಾಗಿ ಇಟ್ಟುಕೊಳ್ಳುತ್ತಾರೆ. ಆ ನಡುಗೆರೆಯ ಮೇಲೆ ಮಾತ್ರ ಕಾಗದದ ‘ಮೇಲೆ’ ಅನ್ನುವುದೂ ನಿಜವಾದ ಉತ್ತರವೂ ಒಂದೇ. ಅದರಿಂದ ದೂರ ಹೋದ ಹಾಗೆ ಎರಡೂ ಬೇರೆಯಾಗುತ್ತವೆ. ಕಾಕಸಸ್ ನಕ್ಷೆಯ ನಡುಗೆರೆ 33 ಡಿಗ್ರಿ ಪೂರ್ವ ರೇಖಾಂಶ. ಬಟುಮಿ 41.6ರಲ್ಲಿದೆ. ಬಹಳ ದೂರ.

ಎಷ್ಟು ಬೇರೆ ಅಂತ ಕಂಡುಹಿಡಿಯುವುದು ಸುಲಭ. ನಡುಗೆರೆಯಿಂದ ಎಷ್ಟು ಡಿಗ್ರಿ ದೂರ ಅನ್ನುವುದನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಿ. ನಿಮ್ಮ ದಾರಿಯ ಮಧ್ಯಭಾಗ ರೇಖಾಂಶ 41.8, ಅಕ್ಷಾಂಶ 41.9. 8.8 ಗುಣಿಸು 0.67. ಸುಮಾರು 5.9 ಡಿಗ್ರಿ.

ನೀವು ಕೋನಮಾಪಕದಲ್ಲಿ ಅಳೆದ 22 ಗ್ರಿಡ್ ಉತ್ತರದಿಂದ, ಅಂದರೆ ಕಾಗದದ ‘ಮೇಲೆ’ ಅನ್ನುವ ದಿಕ್ಕಿನಿಂದ. ನಿಜ ಉತ್ತರದಿಂದ ಬೇಕಾದರೆ ಅದಕ್ಕೆ 6 ಕೂಡಿಸಬೇಕು. 28. ಬೇಕಾದರೆ ಎರಡೂ ಏರ್‌ಫೀಲ್ಡ್‌ಗಳ ಅಕ್ಷಾಂಶ ರೇಖಾಂಶ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ, 28 ಬರುತ್ತದೆ. ಆಮೇಲೆ ಮ್ಯಾಗ್ನೆಟಿಕ್‌ಗೆ ಬರಲು 6 ಕಳೆಯಬೇಕು. ಮತ್ತೆ 22.

ಕೋನಮಾಪಕ ತೋರಿಸಿದ್ದನ್ನೇ ಹಾರಬೇಕಿತ್ತು. ವೇರಿಯೇಷನ್ ಕಳೆಯುವುದು ಸರಿಯಾದ ಕ್ರಮವೇ, ಪಠ್ಯಪುಸ್ತಕದಲ್ಲಿ ಇರುವುದೂ ಅದೇ. ಆದರೆ ಅದನ್ನು ಕಳೆಯಬೇಕಾದದ್ದು ನಿಜ ಉತ್ತರದ ಅಂಕೆಯಿಂದ. ಈ ಜಾಗದಲ್ಲಿ ಗ್ರಿಡ್‌ನ 6 ಮತ್ತು ಕಾಂತದ 6 ಒಂದನ್ನೊಂದು ಹೊಡೆದುಹಾಕುತ್ತವೆ.

ಕೆಳಹಾರಾಟ

ಅಬ್ಬಾ. ಎಷ್ಟೋ ಜನ ಈ ಭಾಗದಲ್ಲಿ ವೇರಿಯೇಷನ್ ಬಗ್ಗೆ ತಲೆಯೇ ಕೆಡಿಸಿಕೊಳ್ಳದೆ ಕೋನಮಾಪಕದ ಅಂಕೆ ಹಿಡಿದು ಸರಿಯಾಗಿ ತಲುಪುತ್ತಾರೆ. ಲೆಕ್ಕ ಹಾಕಿ ಹೋಗುವವರು ತಪ್ಪುತ್ತಾರೆ. ಯಾಕೆ ಅಂತ ಈಗ ಗೊತ್ತಾಯಿತು.

ಬಾನಂಚು

ಹಾಗಾದರೆ ವೇರಿಯೇಷನ್ ಮರೆತುಬಿಡಬಹುದಲ್ಲ? ಅಳೆ, ಹಾರು. ಮುಗಿಯಿತು.

ನಕ್ಷೆಗೆರೆ

ದಯವಿಟ್ಟು ಹಾಗೆ ಮಾಡಬೇಡಿ ಬಾನಂಚು. ಇದು ಆ ಒಂದು ಭಾಗದ ಕಾಕತಾಳೀಯ ಅಷ್ಟೇ.

ಅದೇ ಕಾಕಸಸ್ ನಕ್ಷೆಯಲ್ಲಿ ಅನಪಾಗೆ ಹೋಗಿ. ಅದು ರೇಖಾಂಶ 37.3ರ ಹತ್ತಿರ, ಅಕ್ಷಾಂಶ 45. ಗ್ರಿಡ್ ವ್ಯತ್ಯಾಸ ಸುಮಾರು 3 ಮಾತ್ರ. ವೇರಿಯೇಷನ್ 6-7. ಅಲ್ಲಿ ಕೋನಮಾಪಕದ ಅಂಕೆಯಿಂದ ಇನ್ನೂ 3-4 ಕಳೆಯಬೇಕು. ನೆವಾಡಾ ನಕ್ಷೆಗೆ ಹೋದರೆ ಪೂರ್ತಿ ಬೇರೆ ಕಥೆ. ಅದರ ನಡುಗೆರೆ 117 ಪಶ್ಚಿಮ, ನೆಲ್ಲಿಸ್ ಏರ್‌ಫೀಲ್ಡ್ 115ರಲ್ಲಿದೆ. ಗ್ರಿಡ್ ವ್ಯತ್ಯಾಸ 1 ಡಿಗ್ರಿ ಚಿಲ್ಲರೆ. ವೇರಿಯೇಷನ್ ಸುಮಾರು 12 ಪೂರ್ವ. ಅಲ್ಲಿ ಅಳೆದದ್ದನ್ನೇ ಹಾರಿದರೆ 11 ಡಿಗ್ರಿ ತಪ್ಪುತ್ತೀರಿ. 80 ಕಿಲೋಮೀಟರಿಗೆ 14-15 ಕಿಲೋಮೀಟರ್. ಬೇರೆ ಕಣಿವೆಗೇ ಹೋಗಿಬಿಡುತ್ತೀರಿ.

ಇನ್ನೊಂದು ಮಾತು. ಏರ್‌ಫೀಲ್ಡ್‌ಗಳ ಅಕ್ಷಾಂಶ ರೇಖಾಂಶ ಹಾಕಿ ಯಾವುದಾದರೂ ಕ್ಯಾಲ್ಕುಲೇಟರ್‌ನಲ್ಲಿ ದಿಕ್ಕು ತೆಗೆದರೆ ಬರುವುದು ನಿಜ ಉತ್ತರದ ಅಂಕೆ. ಅದಕ್ಕೆ ಗ್ರಿಡ್ ತಿದ್ದುಪಡಿ ಬೇಡ, ವೇರಿಯೇಷನ್ ಮಾತ್ರ ಸಾಕು. ಕಾಗದದ ಮೇಲೆ ಅಳೆದರೆ ಎರಡೂ ಬೇಕು. ಯಾವ ಅಂಕೆ ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ನಾನು ನೀಬೋರ್ಡ್ ಹಾಳೆಯಲ್ಲಿ (ತೊಡೆ ಮೇಲೆ ಇಟ್ಟುಕೊಳ್ಳುವ ಟಿಪ್ಪಣಿ ಹಾಳೆ) ಗ್ರಿ, ನಿ, ಮ್ಯಾ (ಗ್ರಿಡ್, ನಿಜ, ಮ್ಯಾಗ್ನೆಟಿಕ್) ಅಂತ ಮೂರು ಕಾಲಂ ಹಾಕಿಟ್ಟುಕೊಂಡಿದ್ದೇನೆ. ದಾರಿಯ ಪ್ರತಿ ತುಂಡಿಗೂ ಮೂರನ್ನೂ ತುಂಬುತ್ತೇನೆ. ಆಮೇಲೆ ಗೊಂದಲವೇ ಬರುವುದಿಲ್ಲ.

ದೂರದ_ದೀಪ

ಸರಿ, ಬಗ್ ಅಲ್ಲ. ಒಪ್ಪಿದೆ. ಆದರೆ ಇದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಜವಾದ ವಾಯುಯಾನ ಚಾರ್ಟ್‌ಗಳಲ್ಲಿ ರೇಖಾಂಶದ ಗೆರೆಗೆ ಕೋನಮಾಪಕ ಹೊಂದಿಸಿ ಅಳೆಯುತ್ತಾರೆ, ಕಾಗದದ ಅಂಚಿಗಲ್ಲ. ಹಾಗಾಗಿ ಅಲ್ಲಿ ಈ ತೊಂದರೆ ಬರುವುದಿಲ್ಲ.

ನಕ್ಷೆಗೆರೆ

ಸರಿಯಾಗಿ ಹೇಳಿದಿರಿ. ಆ ವಿಧಾನವನ್ನು ಇಲ್ಲೂ ಮಾಡಬಹುದು. ದಾರಿಯ ಮಧ್ಯಕ್ಕೆ ಹತ್ತಿರವಿರುವ ರೇಖಾಂಶದ ಗೆರೆಗೆ ಕೋನಮಾಪಕ ಹೊಂದಿಸಿದರೆ ನಿಜ ಉತ್ತರದ ಅಂಕೆ ನೇರವಾಗಿ ಸಿಗುತ್ತದೆ. ಸೈನ್ ಲೆಕ್ಕವೇ ಬೇಡ.

ಮಂಜುಹಾದಿ

22 ಹಿಡಿದು ಹೋದೆ. ಕೊಬುಲೆಟಿ ರನ್‌ವೇ ಪಕ್ಕದಲ್ಲೇ ಹಾದುಹೋಯಿತು. ಆಮೇಲೆ ತಗ್ಗು ಬಯಲು, ಸುಪ್ಸಾ ಹೊಳೆ, ರಿಯೋನಿ. ನಕ್ಷೆಯಲ್ಲಿ ಇದ್ದ ಕ್ರಮದಲ್ಲೇ ಒಂದಾದ ಮೇಲೊಂದು ಬಂದವು. ಸಮಯಕ್ಕೆ ಸರಿಯಾಗಿ ಸೆನಾಕಿ ರನ್‌ವೇ ಮುಂದೆಯೇ ಕಾಣಿಸಿತು. ತುಂಬಾ ಖುಷಿಯಾಯಿತು, ಎಲ್ಲರಿಗೂ ಧನ್ಯವಾದ.

ಈಗ ಗಾಳಿ ಹಾಕಿ ಮಂಜು ಹಾಕಿ ಮತ್ತೆ ಹಾರಿಸಬೇಕು. ಗಾಳಿ ಇದ್ದಾಗ ಡಾಪ್ಲರ್ ಹೇಗೆ ಬಳಸುತ್ತೀರಿ?

ಕೆಳಹಾರಾಟ

ನಾನು ಮಾಡುವ ಕ್ರಮ ಹೇಳುತ್ತೇನೆ. ಎದ್ದು, ವೇಗ ಹಿಡಿದು, ಎತ್ತರ ಸಮ ಮಾಡಿಕೊಳ್ಳಿ. ಬೇಕಾದ ಟ್ರ್ಯಾಕ್‌ನ ಹೆಡಿಂಗ್ ಹಿಡಿದು ಒಂದು ನಿಮಿಷ ಸುಮ್ನೆ ಹಾರಿ. ಡ್ರಿಫ್ಟ್ ಮುಳ್ಳು ಒಂದು ಕಡೆ ನಿಲ್ಲುತ್ತದೆ. ಬಲಕ್ಕೆ 7 ಡಿಗ್ರಿ ತೋರಿಸಿತು ಅಂದುಕೊಳ್ಳಿ. ಗಾಳಿ ನಿಮ್ಮನ್ನು ಬಲಕ್ಕೆ ತಳ್ಳುತ್ತಿದೆ. ಹೆಡಿಂಗ್‌ನಿಂದ 7 ಕಳೆದು ಮೂಗನ್ನು ಎಡಕ್ಕೆ ತಿರುಗಿಸಿ. 22 ಬೇಕಿದ್ದರೆ 15 ಹಿಡಿಯಿರಿ. ಮುಳ್ಳು ಇನ್ನೂ ಬಲಕ್ಕೆ 7ರ ಹತ್ತಿರವೇ ಇರುತ್ತದೆ, ಇರಬೇಕು ಕೂಡ. ಅದನ್ನು ಸೊನ್ನೆ ಮಾಡಲು ಹೋಗಬೇಡಿ. ಹೆಡಿಂಗ್ ಮತ್ತು ಡ್ರಿಫ್ಟ್ ಕೂಡಿದರೆ ಟ್ರ್ಯಾಕ್, ಅಷ್ಟು ನೆನಪಿದ್ದರೆ ಸಾಕು.

ಹೊಸಬರು ಪೆಡಲ್ ಒತ್ತಿ ಆ ಮುಳ್ಳನ್ನು ನಡುವಿಗೆ ತರಲು ನೋಡುತ್ತಾರೆ. ಹೆಲಿಕಾಪ್ಟರ್ ಓರೆಯಾಗಿ ಜಾರಿಕೊಂಡು ಹೋಗುತ್ತದೆ, ವೇಗ ಬೀಳುತ್ತದೆ, ಹೆಡಿಂಗ್ ಎಲ್ಲೋ ಹೋಗುತ್ತದೆ.

ಡಾಪ್ಲರ್ ತೋರಿಸುವುದು ನೆಲದ ಮೇಲಿನ ವೇಗ. ಗಾಳಿ ಎದುರಿದ್ದರೆ ವೇಗದ ಮುಳ್ಳು 200 ಅಂದರೂ ನೆಲದ ಮೇಲೆ 170 ಇರಬಹುದು. ಗಡಿಯಾರದ ಲೆಕ್ಕಕ್ಕೆ ನೆಲದ ವೇಗವನ್ನೇ ತೆಗೆದುಕೊಳ್ಳಿ. 200 ಇದ್ದರೆ 3 ನಿಮಿಷಕ್ಕೆ 10 ಕಿಲೋಮೀಟರ್, ಬಾಯಿಲೆಕ್ಕಕ್ಕೆ ಅನುಕೂಲ.

ಜೋರಾಗಿ ವಾಲಿಸಿ ತಿರುಗಿದಾಗ ಡಾಪ್ಲರ್ ಕಿರಣ ನೆಲ ಬಿಟ್ಟು ಹೋಗುತ್ತದೆ. ಆಗ ಅದು ಹಿಂದಿನ ಓದನ್ನೇ ಹಿಡಿದಿಟ್ಟುಕೊಂಡು ಲೆಕ್ಕ ಮುಂದುವರಿಸುತ್ತದೆ. ಸರಕು ಹೊತ್ತು ಹೋಗುವಾಗ ಮೆಲ್ಲಗೆ ತಿರುಗಿ, ಎರಡಕ್ಕೂ ಒಳ್ಳೆಯದು.

ಹ್ಯೂಯಿ_ಒಡತಿ

ಕೊನೆಯ ಹಂತಕ್ಕೆ ಎಡಿಎಫ್ ಬಳಸಿ, ನೆಲದ ಮೇಲಿನ ರೇಡಿಯೋ ಬೀಕನ್ ಯಾವ ಕಡೆಗಿದೆ ಅಂತ ಮುಳ್ಳಿನಲ್ಲಿ ತೋರಿಸುವ ಸಾಧನ ಅದು. ಸೆನಾಕಿಯ ಬೀಕನ್‌ಗಳು 335 ಮತ್ತು 688 ಕಿಲೋಹರ್ಟ್ಸ್, ಕೊಬುಲೆಟಿಯವು 870 ಮತ್ತು 490. ನಿಮ್ಮ ಎಡಿಎಫ್ ಆದ ಆರ್ಕ್-9ರಲ್ಲಿ ಎರಡು ಫ್ರೀಕ್ವೆನ್ಸಿ ಮೊದಲೇ ಇಟ್ಟುಕೊಳ್ಳಬಹುದಲ್ಲ, ದೂರದ ಬೀಕನ್ ಒಂದರಲ್ಲಿ, ಹತ್ತಿರದ್ದು ಇನ್ನೊಂದರಲ್ಲಿ. ಮೋರ್ಸ್ ಸದ್ದು ಕೇಳಿಸಿದ ಮೇಲೆ ಮಾತ್ರ ಮುಳ್ಳನ್ನು ನಂಬಿ. ಸದ್ದು ಕೇಳಲು ಆಂಟೆನಾ ಸ್ಥಾನಕ್ಕೆ ಹಾಕಿದ್ದರೆ ಮುಳ್ಳು ದಿಕ್ಕು ತೋರಿಸುವುದಿಲ್ಲ, ವಾಪಸ್ ಕಂಪಾಸ್ ಸ್ಥಾನಕ್ಕೆ ತನ್ನಿ. ಹೊಸಬರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ.

ಗಾಳಿ ಇದ್ದಾಗ ಮುಳ್ಳನ್ನು ಮೂಗಿಗೆ ನೇರ ಇಟ್ಟುಕೊಂಡು ಹೋಗಬೇಡಿ. ಗಾಳಿ ಪಕ್ಕಕ್ಕೆ ತಳ್ಳುತ್ತಾ ಇರುತ್ತದೆ, ನೀವು ಮೂಗು ತಿರುಗಿಸುತ್ತಾ ಇರುತ್ತೀರಿ. ಕೊನೆಗೆ ದಾರಿ ಬಿಲ್ಲಿನ ಹಾಗೆ ಬಾಗಿ, ಗಾಳಿ ಹೋಗುವ ಕಡೆಯಿಂದ ಬಂದು ಸೇರುತ್ತೀರಿ. ಬಯಲಲ್ಲಿ ಪರವಾಗಿಲ್ಲ. ಕಣಿವೆಯಲ್ಲಿ ಆ ಬಾಗಿದ ದಾರಿ ಗುಡ್ಡದ ಒಳಗೇ ಹೋಗುತ್ತದೆ. ಕೆಳಹಾರಾಟ ಹೇಳಿದ ಡ್ರಿಫ್ಟ್ ಕೋನದಷ್ಟೇ ಮುಳ್ಳು ಪಕ್ಕಕ್ಕೆ ಇರಲಿ, ಅದು ಅಲ್ಲೇ ನಿಂತಿದ್ದರೆ ನೀವು ಗೆರೆಯ ಮೇಲಿದ್ದೀರಿ.

ದೂರದ ಬೀಕನ್ ರನ್‌ವೇ ತುದಿಯಿಂದ ಸುಮಾರು 4 ಕಿಲೋಮೀಟರ್ ಆಚೆ ಇರುತ್ತದೆ, ಹತ್ತಿರದ್ದು 1 ಕಿಲೋಮೀಟರ್. ಸೋವಿಯತ್ ಏರ್‌ಫೀಲ್ಡ್‌ಗಳ ಪದ್ಧತಿ ಅದು. ಮುಳ್ಳು ಹಿಂದಕ್ಕೆ ತಿರುಗಿದ ಜಾಗದಲ್ಲಿ ರನ್‌ವೇ ಇಲ್ಲ ಅಂತ ಗಾಬರಿಯಾಗಬೇಡಿ.

ಸದ್ದಿನಬೆನ್ನು

ನಡುವೆ ಬಂದೆ. ನನ್ನದು ಎಂಐ-24ಪಿ. ಅದರಲ್ಲಿ ಕಾಗದದ ನಕ್ಷೆ ಮೇಲೆ ಜಾಗ ತೋರಿಸುವ ಸಾಧನ ಇದೆಯಲ್ಲ, ಅದು ಅರ್ಧ ಗಂಟೆಯಾದ ಮೇಲೆ ಬೇರೆ ಜಾಗ ತೋರಿಸುತ್ತದೆ. ಶುರುವಿನಲ್ಲಿ ಸರಿಯಾಗಿಯೇ ಇರುತ್ತದೆ. ಯಾವಾಗಲೂ ನಾನು ನಕ್ಷೆ ತೋರಿಸಿದ್ದಕ್ಕಿಂತ ಬಲಕ್ಕೆ ಇರುತ್ತೇನೆ.

ನಕ್ಷೆಗೆರೆ

ನಿಮ್ಮದು ಬೇರೆ ಕಾಯಿಲೆ. ಶುರುವಿನಲ್ಲಿ ಸರಿ, ಆಮೇಲೆ ಬೆಳೆಯುತ್ತದೆ, ಬಲಕ್ಕೆ. ಗೈರೋ ಜಾರುತ್ತಿದೆ. ಅಕ್ಷಾಂಶದ ಗುಂಡಿ ಸೊನ್ನೆಯಲ್ಲಿದೆಯೇ ನೋಡಿ.

ಗೈರೋ ಆಕಾಶಕ್ಕೆ ಹೋಲಿಸಿದರೆ ಅಲುಗದೆ ನಿಂತಿರುತ್ತದೆ, ಕೆಳಗೆ ಭೂಮಿ ತಿರುಗುತ್ತದೆ. ಧ್ರುವದಲ್ಲಿ ಗಂಟೆಗೆ 15 ಡಿಗ್ರಿ, ಸಮಭಾಜಕದಲ್ಲಿ ಸೊನ್ನೆ. 42ನೇ ಅಕ್ಷಾಂಶದಲ್ಲಿ ಗಂಟೆಗೆ ಸುಮಾರು 10 ಡಿಗ್ರಿ. ಗುಂಡಿಯನ್ನು ಅಕ್ಷಾಂಶಕ್ಕೆ ಇಟ್ಟರೆ ಯಂತ್ರ ಅದನ್ನು ಸರಿಮಾಡಿಕೊಳ್ಳುತ್ತದೆ. ಇಡದಿದ್ದರೆ ಅರ್ಧ ಗಂಟೆಗೆ 5 ಡಿಗ್ರಿ ಹೋಯಿತು. ಉತ್ತರ ಗೋಳದಲ್ಲಿ ಗೈರೋ ಓದು ಕಡಿಮೆಯಾಗುತ್ತಾ ಹೋಗುತ್ತದೆ. ನೀವು ಅದೇ ಅಂಕೆ ಹಿಡಿಯಲು ಬಲಕ್ಕೆ ಬಲಕ್ಕೆ ತಿರುಗುತ್ತೀರಿ. ಗೊತ್ತೂ ಆಗುವುದಿಲ್ಲ, ಅಷ್ಟು ನಿಧಾನ.

5 ಡಿಗ್ರಿ ಕೊನೆಯಲ್ಲಿ ಮಾತ್ರ ಇರುವುದು, ಸರಾಸರಿ ಎರಡೂವರೆ. ಅರ್ಧ ಗಂಟೆಯಲ್ಲಿ 100 ಕಿಲೋಮೀಟರ್ ಹೋಗಿದ್ದರೆ 4 ಕಿಲೋಮೀಟರಿನಷ್ಟು ಬಲಕ್ಕೆ ಬಂದಿರುತ್ತೀರಿ. ನಿಮ್ಮ ಅನುಭವಕ್ಕೆ ಹೊಂದುತ್ತದೆಯೇ ಹೇಳಿ.

ಗುಂಡಿ ಸರಿ ಇದ್ದರೂ ಸ್ವಲ್ಪ ಜಾರುವುದು ಇದ್ದೇ ಇರುತ್ತದೆ. ಹಾಗಾಗಿ ಪ್ರತಿ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ನೇರವಾಗಿ, ಸಮವಾಗಿ ಹಾರುತ್ತಾ ಮ್ಯಾಗ್ನೆಟಿಕ್ ದಿಕ್ಕಿಗೆ ಮತ್ತೆ ಹೊಂದಿಸಿ. ತಿರುಗುತ್ತಿರುವಾಗ ಬೇಡ, ಆಗ ಕಂಪಾಸ್ ಓದೇ ಸರಿ ಇರುವುದಿಲ್ಲ. ಸೇತುವೆ, ನದಿ ಸೇರುವ ಜಾಗ, ರೈಲು ಹಳಿ ಕೂಡುವ ಜಾಗ ಸಿಕ್ಕಾಗ ನಕ್ಷೆಯ ಗುಂಡಿ ತಿರುಗಿಸಿ ಗುರುತನ್ನು ಅಲ್ಲಿಗೆ ತನ್ನಿ.

ಸದ್ದಿನಬೆನ್ನು

ಗುಂಡಿ ಸೊನ್ನೆಯಲ್ಲೇ ಇತ್ತು. ದೂರವೂ ನೀವು ಹೇಳಿದಷ್ಟೇ. ಥ್ಯಾಂಕ್ಸ್ ಸರ್. ಕಾ-50 ಹಾರಿಸುವ ಗೆಳೆಯರಿಗೆ ಎಬ್ರಿಸ್ ಪರದೆ ಇದೆ, ಉಪಗ್ರಹದಿಂದ ಜಾಗ ಸಿಗುತ್ತದೆ, ಅವರಿಗೆ ಇದೆಲ್ಲ ಗೊತ್ತೇ ಇಲ್ಲ.

ಮಿಷನ್_ಕಟ್ಟುವವ

ಎಐ (ಆಟವೇ ಹಾರಿಸುವ) ಹೆಲಿಕಾಪ್ಟರ್‌ಗಳ ಬಗ್ಗೆಯೂ ಒಂದು ಪ್ರಶ್ನೆ. ನನ್ನ ಮಿಷನ್‌ನಲ್ಲಿ ಎಐ ಎಂಐ-8 ಗುಂಪು ವೇಪಾಯಿಂಟ್‌ನಿಂದ ವೇಪಾಯಿಂಟ್‌ಗೆ (ದಾರಿಯಲ್ಲಿ ಗುರುತು ಮಾಡಿಟ್ಟ ಜಾಗಗಳು) ಹೋಗುವಾಗ ಗುಡ್ಡಕ್ಕೆ ಬಡಿಯುತ್ತದೆ. ಎತ್ತರ 150 ಮೀಟರ್ ಕೊಟ್ಟಿದ್ದೇನೆ.

ಕೆಳಹಾರಾಟ

ಆ 150 ಸಮುದ್ರಮಟ್ಟದಿಂದಲೋ ನೆಲದಿಂದಲೋ ನೋಡಿ. ವೇಪಾಯಿಂಟ್ ಎತ್ತರದ ಪಕ್ಕದಲ್ಲೇ ಆಯ್ಕೆ ಇದೆ. ಸಮುದ್ರಮಟ್ಟದಿಂದ ಅಂತಿದ್ದರೆ ಕರಾವಳಿಯಲ್ಲಿ ಚೆನ್ನಾಗಿರುತ್ತದೆ, ಒಳನಾಡಿಗೆ ಹೋದ ಹಾಗೆ ನೆಲವೇ ಮೇಲೆ ಬರುತ್ತದೆ. ನೆಲದಿಂದ ಅಂತ ಬದಲಾಯಿಸಿ. ಏಣು ದಾಟುವ ಮೊದಲು ಮತ್ತು ಆಮೇಲೆ ಒಂದೊಂದು ವೇಪಾಯಿಂಟ್ ಜಾಸ್ತಿ ಇಡಿ. ಎರಡು ದೂರದ ವೇಪಾಯಿಂಟ್ ಇಟ್ಟು ನಡುವಿನ ಬೆಟ್ಟವನ್ನು ಅದೇ ನೋಡಿಕೊಳ್ಳಲಿ ಅಂತ ಬಿಡಬೇಡಿ.

ಮಂಜುಹಾದಿ

ಮಂಜು ಮತ್ತು ಗಾಳಿ ಎರಡೂ ಇಟ್ಟು ಹಾರಿಸಿದೆ. 22 ಟ್ರ್ಯಾಕ್‌ಗೆ ಹೆಡಿಂಗ್ 15-16ರ ಹತ್ತಿರ ನಿಂತಿತು. ವಿಚಿತ್ರ ಏನೆಂದರೆ ಮೊದಲು ಹಿಡಿಯುತ್ತಿದ್ದ ಹೆಡಿಂಗೇ ಈಗ ಗಾಳಿಯಿಂದಾಗಿ ಸರಿಯಾಯಿತು. ಗಾಳಿ ಇಟ್ಟುಕೊಂಡೇ ಶುರು ಮಾಡಿದ್ದರೆ ದೋಷ ಇದೆ ಅಂತಲೇ ತಿಳಿಯುತ್ತಿರಲಿಲ್ಲ. ಆರ್ಕ್-9ರಲ್ಲಿ 335 ಸದ್ದು ಕೇಳಿಸಿತು, ಮುಳ್ಳು ಹಿಂದಕ್ಕೆ ತಿರುಗಿದ ಮೇಲೆ ಹತ್ತಿರದ ಬೀಕನ್‌ಗೆ ಬದಲಾಯಿಸಿಕೊಂಡೆ. ಮಂಜಿನೊಳಗಿಂದ ರನ್‌ವೇ ದೀಪ ಕಂಡಿತು, ಸರಕು ಇಳಿಸಿದೆ.

ಮುಂದಿನ ವಾರ ನಮ್ಮ ಗುಂಪು ಸಿರಿಯಾ ನಕ್ಷೆಗೆ ಹೋಗುತ್ತಿದೆ. ಇಂಜಿರ್ಲಿಕ್‌ನಿಂದ ಹೊರಡಬೇಕು. ಅಲ್ಲೂ ಹೀಗೇ ಎರಡೂ ಹೊಡೆದುಹೋಗುತ್ತವೆಯೇ?

ನಕ್ಷೆಗೆರೆ

ಇಲ್ಲ, ಅಲ್ಲಿ ಉಲ್ಟಾ. ಸಿರಿಯಾ ನಕ್ಷೆಯ ನಡುಗೆರೆ 39 ಪೂರ್ವ. ಇಂಜಿರ್ಲಿಕ್ 35.4ರಲ್ಲಿದೆ, ಅಂದರೆ ನಡುಗೆರೆಯ ಪಶ್ಚಿಮಕ್ಕೆ. 3.6 ಗುಣಿಸು 37ರ ಸೈನ್ 0.6, ಸುಮಾರು 2 ಡಿಗ್ರಿ. ಪಶ್ಚಿಮಕ್ಕಿರುವುದರಿಂದ ಕಾಗದದ ಅಂಕೆಗೆ ಕೂಡಿಸುವುದಲ್ಲ, ಕಳೆಯಬೇಕು. ಅದರ ಮೇಲೆ ವೇರಿಯೇಷನ್ 5ರ ಆಸುಪಾಸು, ಅದನ್ನೂ ಕಳೆಯಬೇಕು. ಒಟ್ಟು ಸುಮಾರು 7 ಡಿಗ್ರಿ. ಕಾಗದದಲ್ಲಿ 180 ಬಂದರೆ ಕಂಪಾಸ್‌ನಲ್ಲಿ 173.

ಜಿಎಂಕೆಯ ಅಕ್ಷಾಂಶ ಗುಂಡಿಯನ್ನು 42ರಿಂದ 37ಕ್ಕೆ ತರುವುದನ್ನು ಬ್ರೀಫಿಂಗ್ ಹಾಳೆಯಲ್ಲೇ ಬರೆದುಬಿಡಿ. ಇಡೀ ಗುಂಪು ಹೊರಡುತ್ತಿದೆ ಅಂದಿರಿ, ಎಲ್ಲರ ಹೆಲಿಕಾಪ್ಟರ್‌ನಲ್ಲೂ ಒಂದೇ ಅಂಕೆ ಇರಲಿ.